ಪಕ್ಕದ ಯೂನಿವರ್ಸಿಟಿಲಿ ಏನೇನ್ ಸಂಶೋಧನೆ ಆಗಿದೆ, ಹುಡುಕಿ ಓದೋದು ಹೇಗೆ

ನಮ್ಮ ಶಿವಮೊಗ್ಗ ಕಡೆ ಕುವೆಂಪು ವಿವಿ ಇರೋ ಶಂಕರಘಟ್ಟ ಅಂದ್ರೆ ಮಾರ್ಕ್ಸ್ ಕಾರ್ಡು, ರೀವ್ಯಾಲ್ಯುಯೇಷನ್ನು, ಕಾನ್ವೊಕೇಷನ್ನು. ಕೃಷಿ ಕಾಲೇಜು ಇರೋ ನವಿಲೆ ಅಂದ್ರೆ ಕೃಷಿ ಮೇಳ. ಅಷ್ಟೇ ನಮ್ಗೆ ಗೊತ್ತಿರೋದು. ಆ ಕಟ್ಟಡಗಳ ಒಳಗೆ ಲ್ಯಾಬಲ್ಲಿ ಕೂತು ಜನ ಏನ್ ಹುಡುಕ್ತಿದಾರೆ ಅಂತ ಕೇಳಿದ್ರೆ ಅಲ್ಲೇ ಡಿಗ್ರಿ ಮಾಡಿದೋರು ಕೂಡ ತಡವರಿಸ್ತಾರೆ. ಆದ್ರೆ ನೋಡಿ, ಗದ್ದೆಗೆ ಹೊಡೆಯೋ ಕೀಟನಾಶಕ ಮೆಲಾಥಿಯಾನ್‌ನಿಂದ ಗೊದಮೊಟ್ಟೆಗಳಿಗೆ ಏನಾಗತ್ತೆ ಅನ್ನೋದ್ರಿಂದ ಹಿಡಿದು, ಕಾರ್ಬನ್ ಪೇಸ್ಟಿನ ಎಲೆಕ್ಟ್ರೋಡಲ್ಲಿ ಡೋಪಮೈನ್ ಪತ್ತೆ ಹಚ್ಚೋದು, ನ್ಯಾನೋ ಕಣ ಬೆರೆಸಿದ ದ್ರವ ಹೇಗೆ ಹರಿಯತ್ತೆ ಅನ್ನೋ ಗಣಿತ, ಭದ್ರಾ ಕಾಡಿನ ಸುತ್ತಲ ಜನ ಬಳಸೋ ನಾಟಿ ಔಷಧಿ ಗಿಡಗಳು, ಇದೆಲ್ಲ ಕುವೆಂಪು ವಿವಿಲೇ ಆಗಿರೋ ಕೆಲಸ. ಬೆಂಕಿರೋಗ ತಡ್ಕೊಳ್ಳೋ ಕೆಂಪಕ್ಕಿ ಭತ್ತ, ಸಹ್ಯಾದ್ರಿ ಮೇಘ ಅಂತ, ಅದು ನಮ್ಮ ಕೃಷಿ ವಿವಿದು. ಇದ್ರಲ್ಲಿ ಬಹುಪಾಲು ಮೊಬೈಲಲ್ಲೇ ಪುಕ್ಕಟೆ ಓದೋಕೆ ಸಿಗತ್ತೆ. ಸಿಗತ್ತೆ ಅಂತ ಗೊತ್ತಿಲ್ಲದೆ ನಾವು ಓದಲ್ಲ, ಅದು ನನಗೆ ತುಂಬ ಬೇಜಾರಿನ ವಿಷಯ. ಅದಕ್ಕೇ ಇದನ್ನ ಇಷ್ಟು ಉದ್ದ ಬರೀತಿದೀನಿ. ತೋಟ ಇರೋರು, ಹೈಸ್ಕೂಲ್ ಮೇಷ್ಟ್ರು ಟೀಚರ್‌ಗಳು, ಡಿಗ್ರಿ ಓದ್ತಿರೋ ಮಕ್ಕಳು, ಯಾರಿಗಾದ್ರೂ ಉಪಯೋಗ ಆಗಬಹುದು.

ಮೊದ್ಲು ಯಾವ ಕೆಲಸ ಯಾವ ಯೂನಿವರ್ಸಿಟಿ ಹೆಸರಲ್ಲಿ ಸಿಗತ್ತೆ ಅನ್ನೋದು ತಿಳ್ಕೊಳ್ಬೇಕು, ಯಾಕಂದ್ರೆ ಹೆಚ್ಚಿನ ಜನ ಇಲ್ಲೇ ದಾರಿ ತಪ್ಪೋದು. ಕುವೆಂಪು ವಿವಿ ಶುರುವಾಗಿದ್ದು 1987ರಲ್ಲಿ. ಅದಕ್ಕೂ ಮುಂಚೆ ಸಹ್ಯಾದ್ರಿ ಕಾಲೇಜು ಸಮೇತ ಇಲ್ಲಿನ ಕಾಲೇಜುಗಳೆಲ್ಲ ಮೈಸೂರು ವಿವಿ ಕೆಳಗೆ ಇದ್ವು, ಹಾಗಾಗಿ ಹಳೇ ಥೀಸಿಸ್ (ಪಿಎಚ್‌ಡಿ, ಎಂ.ಎಸ್ಸಿಗೆ ಬರೆಯೋ ಸಂಶೋಧನಾ ಪ್ರಬಂಧ) ಬೇಕಂದ್ರೆ ಮೈಸೂರಿನ ಪಟ್ಟಿಲಿ ಹುಡುಕ್ಬೇಕು. ಇನ್ನು ಇರುವಕ್ಕಿಲಿ ಕ್ಯಾಂಪಸ್ ಇರೋ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿವಿ ಶುರುವಾಗಿದ್ದು 2012ರಲ್ಲಿ, ಅದಕ್ಕೂ ಮುಂಚೆ ನವಿಲೆ ಕೃಷಿ ಕಾಲೇಜು ಬೆಂಗಳೂರು ಕೃಷಿ ವಿವಿ ಕೆಳಗೆ ಇತ್ತು. ಅಂದ್ರೆ ನವಿಲೆಲೇ ಕೂತು ಮಾಡಿದ 2005ರ ಎಂ.ಎಸ್ಸಿ ಥೀಸಿಸ್ ನಿಮಗೆ ಸಿಗೋದು ಬೆಂಗಳೂರು ಹೆಸರಲ್ಲಿ. ವೆಟರ್ನರಿ ಕಾಲೇಜಿನ ಕೆಲಸ ಬೀದರಿನ ಪಶುವೈದ್ಯಕೀಯ ವಿವಿ ಹೆಸರಲ್ಲಿರತ್ತೆ, ಮೆಡಿಕಲ್ ಕಾಲೇಜಿಂದು ರಾಜೀವ್ ಗಾಂಧಿ ಆರೋಗ್ಯ ವಿವಿ, ಇಂಜಿನಿಯರಿಂಗ್ ಆದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ (ವಿಟಿಯು). ಒಂದೇ ಊರಲ್ಲಿ, ಒಂದೇ ಬಸ್ ಸ್ಟ್ಯಾಂಡಿಂದ ಹೋಗೋ ಅಷ್ಟು ದೂರದಲ್ಲಿ ಆದ ಕೆಲಸ ಐದಾರು ಯೂನಿವರ್ಸಿಟಿ ಲೆಕ್ಕದಲ್ಲಿ ಹಂಚಿ ಹೋಗಿದೆ. ಒಂದು ಕಡೆ ಹುಡುಕಿ ಸಿಗ್ಲಿಲ್ಲ ಅಂತ ಬಿಟ್ಬಿಡಬೇಡಿ.

ಎರಡನೇ ವಿಷಯ, ಯೂನಿವರ್ಸಿಟಿ ವೆಬ್‌ಸೈಟಿಗೆ ಹೋಗಿ ಡಿಪಾರ್ಟ್‌ಮೆಂಟ್ ಪಟ್ಟಿ ನೋಡ್ತಾ ಕೂರಬೇಡಿ. ರ‍್ಯಾಂಕಿಂಗ್ ಅಂತೂ ನೋಡ್ಲೇಬೇಡಿ, ಅದ್ರಿಂದ ನಿಮಗೆ ಯಾವ ಕೆಲಸಾನೂ ಗೊತ್ತಾಗಲ್ಲ. ನಿಮ್ಮದೇ ಒಂದು ಪ್ರಶ್ನೆ ಇಟ್ಕೊಂಡು ಶುರು ಮಾಡಿ. ಅಡಿಕೆಗೆ ಎಲೆಚುಕ್ಕೆ ಬಂದಿದೆ, ಬಾವಿ ನೀರು ಕೆಂಪಾಗ್ತಿದೆ, ಮೊದ್ಲು ಕಾಣ್ತಿದ್ದ ಯಾವ್ದೋ ಕಪ್ಪೆ ಈಗ ಕೂಗೋದೇ ಕೇಳಲ್ಲ, ಅಜ್ಜಿ ಹೇಳ್ತಿದ್ದ ಸೊಪ್ಪಿನ ಬಗ್ಗೆ ಯಾರಾದ್ರೂ ಪರೀಕ್ಷೆ ಮಾಡಿದಾರಾ, ಹೀಗೆ ಏನಾದ್ರೂ. ಪ್ರಶ್ನೆ ಇದ್ರೆ ಅದೇ ನಿಮ್ಮನ್ನ ಒಂದು ವಿಭಾಗದಿಂದ ಇನ್ನೊಂದಕ್ಕೆ ಎಳ್ಕೊಂಡು ಹೋಗತ್ತೆ, ಆವಾಗ ಯೂನಿವರ್ಸಿಟಿ ಎಷ್ಟು ಅಗಲ ಇದೆ ಅನ್ನೋದು ತಾನಾಗೇ ಕಾಣತ್ತೆ. ಬಾವಿ ನೀರಿನ ಪ್ರಶ್ನೆ ಪರಿಸರ ವಿಜ್ಞಾನದಲ್ಲಿ ಶುರುವಾಗಿ ಭೂವಿಜ್ಞಾನಕ್ಕೆ ಹೋಗಿ ಕೆಮಿಸ್ಟ್ರಿಲಿ ಮುಗಿಯತ್ತೆ.

ಹುಡುಕೋ ಪದ ಸರಿ ಇಲ್ದೇ ಇದ್ರೆ ಏನೂ ಸಿಗಲ್ಲ, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ವಿಜ್ಞಾನದ ಥೀಸಿಸ್‌ಗಳು ಹೆಚ್ಚುಕಮ್ಮಿ ಎಲ್ಲಾ ಇಂಗ್ಲಿಷಲ್ಲೇ ಇರೋದ್ರಿಂದ ಇಂಗ್ಲಿಷಲ್ಲೇ ಟೈಪ್ ಮಾಡ್ಬೇಕು, ಅದ್ರಲ್ಲೂ ಗಿಡ, ಪ್ರಾಣಿ, ರೋಗ ಆದ್ರೆ ವೈಜ್ಞಾನಿಕ ಹೆಸರು ಹಾಕಿದ್ರೆ ಸರಿಯಾಗಿ ಸಿಗತ್ತೆ. ಅಡಿಕೆ ಅಂದ್ರೆ ಅರೆಕಾ ಕಟೆಚು, ಉಪ್ಪಾಗೆ ಅಂದ್ರೆ ಗಾರ್ಸೀನಿಯಾ ಗಮ್ಮಿ-ಗಟ್ಟಾ, ಮುರುಗಲು ಅಂದ್ರೆ ಗಾರ್ಸೀನಿಯಾ ಇಂಡಿಕಾ, ಒಂದೆಲಗ ಅಂದ್ರೆ ಸೆಂಟೆಲ್ಲಾ ಏಷಿಯಾಟಿಕಾ. ಅಡಿಕೆಯ ಕೊಳೆರೋಗಕ್ಕೆ ಫೈಟೋಫ್ಥೊರಾ ಅಂತ ಹಾಕಿ, ಅದ್ರ ಜೊತೆ ನಮ್ಮ 'ಕೊಳೆರೋಗ' ಪದಾನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ರೂ ಸಿಗತ್ತೆ, ಆ ಪದ ನೂರು ವರ್ಷದಿಂದ ಸಂಶೋಧನಾ ಪೇಪರ್‌ಗಳಲ್ಲಿ ಹಾಗೇ ಇದೆ. ಹೆಸರು ಬದಲಾಗೋದೂ ಇರತ್ತೆ, ನಮ್ಮ ಗದ್ದೆಯ ಸಣ್ಣ ಕಪ್ಪೆಗೆ ಹಳೇ ಪೇಪರಲ್ಲಿ ಲಿಮ್ನೊನೆಕ್ಟಸ್ ಅಂತ, ಆಮೇಲಿನದ್ರಲ್ಲಿ ಫೆಜರ್ವಾರ್ಯ ಅಂತ ಇರತ್ತೆ, ಎರಡೂ ಹಾಕಿ ನೋಡಿ.

ಊರಿನ ಹೆಸರಂತೂ ಇನ್ನೂ ಕಷ್ಟ. ಶಿವಮೊಗ್ಗ ಅಂತ ಸರ್ಕಾರ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿಸಿದ್ದು 2014ರ ನವೆಂಬರ್ 1ಕ್ಕೆ, ಅದಕ್ಕೂ ಹಿಂದಿನ ಹೆಚ್ಚಿನ ಕೆಲಸ ಶಿಮೊಗ ಅಂತಾನೇ ಇರೋದು. ತೀರ್ಥಹಳ್ಳಿಗೆ ಟಿ ಆದ್ಮೇಲೆ ಎಚ್ ಇರೋದು, ಇಲ್ದೇ ಇರೋದು ಎರಡೂ ಇದೆ. ಸಾಗರ, ಹೊಸನಗರ, ಸೊರಬ ಇವುಗಳ ಕೊನೇಲಿ ಎ ಇರೋದೂ ಉಂಟು, ಇಲ್ದಿರೋದೂ ಉಂಟು. ಊರ ಹೆಸರು ಬಿಟ್ಟು ಸೆಂಟ್ರಲ್ ವೆಸ್ಟರ್ನ್ ಘಾಟ್ಸ್ ಅಂತ ಹಾಕಿದ್ರೆ ಇನ್ನಷ್ಟು ಸಿಗತ್ತೆ, ಯಾಕಂದ್ರೆ ನಮ್ಮ ಮಲೆನಾಡನ್ನ ಇಕಾಲಜಿಯೋರು ಕರೆಯೋದೇ ಹಾಗೆ.

ಈಗ ಎಲ್ಲಿ ಹುಡುಕೋದು. ನನ್ನ ಕೇಳಿದ್ರೆ ಮೊದಲ ಜಾಗ ಶೋಧಗಂಗಾ ಅನ್ನೋ ವೆಬ್‌ಸೈಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನೋ ಸಂಸ್ಥೆ ನಡೆಸೋದು, ಅದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕೆಳಗಿನದು, ಪಿಎಚ್‌ಡಿ ಥೀಸಿಸ್‌ಗಳ ಎಲೆಕ್ಟ್ರಾನಿಕ್ ಪ್ರತಿ ಕೊಡ್ಬೇಕು ಅಂತ 2009ರಲ್ಲಿ ಯುಜಿಸಿ ನಿಯಮ ಮಾಡಿದ್ಮೇಲೆ ದೇಶದ ಎಷ್ಟೋ ಯೂನಿವರ್ಸಿಟಿಗಳು ಅಲ್ಲಿಗೆ ಹಾಕ್ತಾ ಬಂದಿವೆ. ಲಾಗಿನ್ ಬೇಡ, ದುಡ್ಡು ಬೇಡ. ಒಳಗೆ ಹೋಗಿ ಯೂನಿವರ್ಸಿಟಿ ಪಟ್ಟಿಲಿ ಕುವೆಂಪು ಒತ್ತಿದ್ರೆ ವಿಭಾಗಗಳು ಬರತ್ತೆ, ವಿಭಾಗ ಒತ್ತಿದ್ರೆ ಥೀಸಿಸ್‌ಗಳು. ಹೆಸರಿನ ಪ್ರಕಾರ, ಗೈಡ್ ಪ್ರಕಾರ, ವರ್ಷದ ಪ್ರಕಾರ ಜೋಡಿಸ್ಕೋಬಹುದು. ಗೈಡ್ ಪ್ರಕಾರ ನೋಡೋದು ನನಗೆ ತುಂಬ ಇಷ್ಟ, ಯಾಕಂದ್ರೆ ಒಬ್ಬ ಮೇಷ್ಟ್ರು ಇಪ್ಪತ್ತು ವರ್ಷದಲ್ಲಿ ಒಂದೇ ಪ್ರಶ್ನೆನ ಬೇರೆ ಬೇರೆ ಸ್ಟೂಡೆಂಟ್ ಕೈಲಿ ಹೇಗೆ ಬೆಳೆಸಿದಾರೆ ಅಂತ ಸಾಲಾಗಿ ಕಾಣತ್ತೆ, ಮೊದಲ ಥೀಸಿಸಲ್ಲಿ ಬರೀ ಪಟ್ಟಿ ಇರತ್ತೆ, ಆಮೇಲಿನದ್ರಲ್ಲಿ ಯಾಕೆ ಹೀಗಾಗತ್ತೆ ಅನ್ನೋ ಪ್ರಯೋಗ ಬರತ್ತೆ.

ಒಂದು ಥೀಸಿಸ್ ತೆಗೆದ್ರೆ ಅಧ್ಯಾಯಕ್ಕೊಂದು ಪಿಡಿಎಫ್ ಇರತ್ತೆ, ಎಲ್ಲಾ ಡೌನ್‌ಲೋಡ್ ಮಾಡ್ಕೊಂಡು ಮೊದಲ ಪುಟದಿಂದ ಓದೋಕೆ ಹೋದ್ರೆ ಎರಡನೇ ಅಧ್ಯಾಯಕ್ಕೇ ಸಾಕಾಗಿ ಬಿಡ್ತೀರಿ. ಹೀಗ್ ಮಾಡಿ. 80_ರೆಕಮೆಂಡೇಷನ್ ಅನ್ನೋ ಹೆಸರಿನ ಫೈಲ್ ಇದ್ರೆ ಅದನ್ನ ಮೊದ್ಲು ತೆಗೀರಿ, ಸಾಮಾನ್ಯವಾಗಿ ಟೈಟಲ್ ಪುಟ ಮತ್ತೆ ಕೊನೇ ಸಾರಾಂಶ ಎರಡೂ ಸೇರಿಸಿ ಅಲ್ಲಿ ಹಾಕಿರ್ತಾರೆ, ಹತ್ತು ನಿಮಿಷದಲ್ಲಿ ಈ ಥೀಸಿಸ್ ನಿಮಗೆ ಬೇಕಾ ಬೇಡ್ವಾ ಗೊತ್ತಾಗತ್ತೆ. ಬೇಕು ಅನ್ಸಿದ್ರೆ 'ಸ್ಟಡಿ ಏರಿಯಾ' ಅಥವಾ 'ಮೆಟೀರಿಯಲ್ಸ್ ಅಂಡ್ ಮೆಥಡ್ಸ್' ಅಧ್ಯಾಯ. ಇದು ಒಣ ಭಾಗ ಅಂತ ಎಲ್ರೂ ದಾಟಿಸ್ತಾರೆ, ನನಗೆ ಮಾತ್ರ ಇದೇ ಬಂಗಾರ. ಯಾವ ಹಳ್ಳದಿಂದ ನೀರು ತಗೊಂಡ್ರು, ಯಾವ ತಿಂಗಳು, ಎಷ್ಟು ಗಂಟೆಗೆ, ಯಾವ ಊರಿನ ತೋಟ, ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಎಲ್ಲಾ ಅಲ್ಲಿರತ್ತೆ. ನಿಮ್ಮೂರಿನ ಪಕ್ಕದ ಹಳ್ಳದ ಹೆಸರು ಅಲ್ಲಿ ಸಿಕ್ಕಿಬಿಟ್ರೆ ಆ ಥೀಸಿಸನ್ನ ನೀವು ಬಿಡಲ್ಲ, ಅದು ಗ್ಯಾರಂಟಿ. ಆಮೇಲೆ ರಿಸಲ್ಟಿನ ಟೇಬಲ್‌ಗಳು, ಕೊನೇಲಿ ಡಿಸ್ಕಷನ್. ಮೊದಲ ಅಧ್ಯಾಯದ ಪರಿಚಯ, ಹಿಂದಿನವರ ಕೆಲಸದ ರಿವ್ಯೂ ಇವೆಲ್ಲ ಪುರುಸೊತ್ತಿದ್ರೆ.

ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಆದ್ರೆ ಕೃಷಿಕೋಶ್ ನೋಡಿ, ಅದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದ್ರೆ ಐಸಿಎಆರ್‌ದು. ಪಿಎಚ್‌ಡಿ ಮಾತ್ರ ಅಲ್ಲ, ಎಂ.ಎಸ್ಸಿ ಥೀಸಿಸ್‌ಗಳೂ ಅಲ್ಲಿವೆ. ರೈತರಿಗೆ ಹೆಚ್ಚು ಕೆಲಸಕ್ಕೆ ಬರೋದು ಇವೇ ಅನ್ನೋದು ನನ್ನ ಅಭಿಪ್ರಾಯ, ಒಂದು ಬೆಳೆ, ಒಂದು ರೋಗ, ಹತ್ತು ಔಷಧಿ ಹೋಲಿಸಿ ನೋಡಿರೋದು ಇಲ್ಲೇ ಜಾಸ್ತಿ.

ಥೀಸಿಸ್ ಆದ್ಮೇಲೆ ಪೇಪರ್, ಅಂದ್ರೆ ಜರ್ನಲ್ ಅನ್ನೋ ಸಂಶೋಧನಾ ಪತ್ರಿಕೆಗಳಲ್ಲಿ ಬರೋ ಲೇಖನ. ಗೂಗಲ್ ಸ್ಕಾಲರಲ್ಲಿ ಅದೇ ವಿಷಯ ಹಾಕಿ, ಒಂದು ಪೇಪರ್ ಸಿಕ್ಕಿದ್ರೆ ಅದ್ರ ಕೆಳಗೆ 'ಸೈಟೆಡ್ ಬೈ' ಅಂತ ಒಂದು ಸಂಖ್ಯೆ ಇರತ್ತೆ, ಒತ್ತಿದ್ರೆ ಆ ಪೇಪರ್ ಬಂದ್ಮೇಲೆ ಯಾರ್ಯಾರು ಅದನ್ನ ಮುಂದುವರಿಸಿದಾರೆ ಅಂತ ಬರತ್ತೆ. ಪಕ್ಕದಲ್ಲೇ 'ಆಲ್ ವರ್ಷನ್ಸ್' ಒತ್ತಿ, ದುಡ್ಡು ಕೇಳೋ ಪೇಪರಿನ ಪುಕ್ಕಟೆ ಪ್ರತಿ ಎಷ್ಟೋ ಸಲ ಅಲ್ಲಿ ಇರತ್ತೆ. ಕೆಲವು ಜರ್ನಲ್‌ಗಳಂತೂ ಪೂರ್ತಿ ಪುಕ್ಕಟೆ. ಭದ್ರಾ ಅಭಯಾರಣ್ಯದ ಜನ ಬಳಸೋ ಗಿಡಗಳ ಬಗ್ಗೆ ಕುವೆಂಪು ವಿವಿಯೋರ ಪೇಪರ್ 2004ರಲ್ಲಿ ಬಂದಿದ್ದು ಇಂಡಿಯನ್ ಜರ್ನಲ್ ಆಫ್ ಟ್ರೆಡಿಷನಲ್ ನಾಲೆಡ್ಜ್‌ನಲ್ಲಿ, ಅದು ಯಾರು ಬೇಕಾದ್ರೂ ಓದಬಹುದು. ಕೊಯಮತ್ತೂರಿಂದ ಬರೋ ಜರ್ನಲ್ ಆಫ್ ಥ್ರೆಟೆಂಡ್ ಟ್ಯಾಕ್ಸಾದಲ್ಲಿ ಪಶ್ಚಿಮ ಘಟ್ಟದ ಕಪ್ಪೆ, ಹಕ್ಕಿ, ಗಿಡಗಳ ಬಗ್ಗೆ ರಾಶಿ ಇದೆ. ದುಡ್ಡಿನ ಜರ್ನಲ್‌ಗಳಿಗೂ ಈಗ ದಾರಿ ಇದೆ, 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಶುರುವಾಗಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದ್ತಿರೋರಿಗೆ, ಪಾಠ ಮಾಡೋರಿಗೆ ಸಿಗೋ ಹಾಗೆ. ನಿಮ್ಮನೇಲೋ ನೆರೆಲೋ ಅಂಥ ಸಂಸ್ಥೆಗೆ ಹೋಗೋ ಮಕ್ಕಳಿದ್ರೆ ಅವರ ಜೊತೆ ಕೂತು ಓದಿ, ಆ ಮಕ್ಕಳಿಗೂ ಎಷ್ಟೋ ಸಲ ಇದು ಇದೆ ಅಂತ ಗೊತ್ತಿರಲ್ಲ.

ಯೂನಿವರ್ಸಿಟಿ ವೆಬ್‌ಸೈಟಲ್ಲಿ ಒಂದೇ ಒಂದು ಉಪಯೋಗದ ಮೂಲೆ ಇದೆ, ಐಕ್ಯುಎಸಿ ಅನ್ನೋ ಗುಣಮಟ್ಟ ನೋಡ್ಕೊಳ್ಳೋ ವಿಭಾಗ. ಯೂನಿವರ್ಸಿಟಿಗಳಿಗೆ ಗ್ರೇಡ್ ಹಾಕೋ ನ್ಯಾಕ್‌ಗೆ ಕೊಡೋ ವಾರ್ಷಿಕ ವರದಿಲಿ ಆ ವರ್ಷ ಯಾರು ಯಾವ ಪೇಪರ್ ಬರೆದ್ರು, ಯಾವ ಪ್ರಾಜೆಕ್ಟಿಗೆ ಎಲ್ಲಿಂದ ದುಡ್ಡು ಬಂತು ಅನ್ನೋ ಪಟ್ಟಿ ಇರತ್ತೆ. ಒಂದು ಯೂನಿವರ್ಸಿಟಿಲಿ ಏನೇನ್ ನಡೀತಿದೆ ಅಂತ ಒಂದೇ ಸಲ ನೋಡ್ಬೇಕು ಅಂದ್ರೆ ಅದೊಂದು ಸಾಕು.

ಸಿಕ್ಕಿದ್ದನ್ನ ಓದೋದು ಹೇಗೆ ಅನ್ನೋದಕ್ಕೆ ಒಂದು ಉದಾಹರಣೆ ಇಟ್ಕೊಳ್ಳೋಣ, ಎಲೆಚುಕ್ಕೆ ರೋಗ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ ಕಡೆ ಇದು ತೋಟಗಳನ್ನ ಹೇಗೆ ಒಣಗಿಸಿದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಇದಕ್ಕೆ ಕಾರಣ ಅಂತ ಹೇಳೋದ್ರಲ್ಲಿ ಮುಖ್ಯವಾದದ್ದು ಕೊಲೆಟೋಟ್ರೈಕಮ್ ಅನ್ನೋ ಶಿಲೀಂಧ್ರ. ಆ ಹೆಸರು, ಅರೆಕಾನಟ್ ಲೀಫ್ ಸ್ಪಾಟ್ ಅನ್ನೋ ಪದ ಹಾಕಿ ಹುಡುಕಿದ್ರೆ ಔಷಧಿ ಪರೀಕ್ಷೆ ಮಾಡಿರೋ ಟೇಬಲ್‌ಗಳು ಬರತ್ತೆ, ಇಂಥ ಔಷಧಿಲಿ ಶೇಕಡ 90 ಹತೋಟಿ ಅಂತ ಇರತ್ತೆ, ನೋಡಿದ ಕೂಡ್ಲೇ ಅಂಗಡಿಗೆ ಓಡೋಣ ಅನ್ಸತ್ತೆ. ತಡೀರಿ. ಟೇಬಲ್ ಮೇಲಿನ ಸಾಲಲ್ಲಿ 'ಇನ್ ವಿಟ್ರೋ' ಅಂತ ಇದ್ಯಾ ನೋಡಿ. ಇದ್ರೆ ಅದು ಮರದ ಮೇಲೆ ಆದ ಪರೀಕ್ಷೆ ಅಲ್ಲ, ಗಾಜಿನ ತಟ್ಟೆಲಿ ಆಗಿದ್ದು.

ಆ ತಟ್ಟೆ ಪರೀಕ್ಷೆ ಹೀಗಿರತ್ತೆ. ಆಲೂಗಡ್ಡೆ ಬೇಯಿಸಿದ ನೀರಿಗೆ ಡೆಕ್ಸ್‌ಟ್ರೋಸ್ ಸಕ್ಕರೆ, ಅಗರ್ ಪುಡಿ ಹಾಕಿ ಕುದಿಸಿ ಗಟ್ಟಿ ಮಾಡ್ತಾರೆ, ಲೀಟರಿಗೆ 200 ಗ್ರಾಂ ಆಲೂಗಡ್ಡೆ, 20 ಗ್ರಾಂ ಸಕ್ಕರೆ, 20 ಗ್ರಾಂ ಅಗರ್, ಪಿಡಿಎ ಅಂತ ಥೀಸಿಸ್ ತುಂಬಾ ಬರೋದು ಇದೇ. ಅದು ಗಟ್ಟಿ ಆಗೋಕೆ ಮುಂಚೆ ಪರೀಕ್ಷೆ ಮಾಡ್ಬೇಕಾದ ಔಷಧಿ ಬೆರೆಸಿ ತಟ್ಟೆಗೆ ಸುರಿದು, ಗಟ್ಟಿ ಆದ್ಮೇಲೆ ಮಧ್ಯಕ್ಕೆ ಶಿಲೀಂಧ್ರದ 5 ಮಿಲಿಮೀಟರಿನ ಒಂದು ಬಿಲ್ಲೆ ಇಡ್ತಾರೆ. ಪಕ್ಕದಲ್ಲಿ ಔಷಧಿ ಹಾಕದ ಇನ್ನೊಂದು ತಟ್ಟೆ. ಔಷಧಿ ಇಲ್ಲದ ತಟ್ಟೆಲಿ ಶಿಲೀಂಧ್ರ 90 ಮಿಲಿಮೀಟರ್ ಪೂರ್ತಿ ಹರಡಿದಾಗ ಔಷಧಿ ಇರೋದ್ರಲ್ಲಿ 9 ಮಿಲಿಮೀಟರ್ ಮಾತ್ರ ಆಗಿದ್ರೆ ಶೇಕಡ 90 ಹತೋಟಿ ಅಂತ ಲೆಕ್ಕ. ಇದು ಸುಳ್ಳಲ್ಲ, ಬೇಕಾದ ಕೆಲಸಾನೇ, ಹತ್ತು ಔಷಧಿಲಿ ಯಾವ ಮೂರನ್ನ ತೋಟಕ್ಕೆ ತಗೊಂಡು ಹೋಗ್ಬೇಕು ಅಂತ ಇದ್ರಿಂದಲೇ ಗೊತ್ತಾಗೋದು. ಆದ್ರೆ ತಟ್ಟೆ ಮೇಲೆ ಮಳೆ ಬೀಳಲ್ಲ. ಆಗುಂಬೆ ಕಡೆ ಮಳೇಲಿ, ಎತ್ತರದ ಮರದ ನುಣುಪು ಎಲೆ ಮೇಲೆ, ಕೆಳಗೆ ಬಿದ್ದ ರೋಗದ ಎಲೆಗಳು ಹಾಗೇ ಇರುವಾಗ, ಪಕ್ಕದ ತೋಟದೋರು ಏನೂ ಹೊಡೀದೇ ಇರುವಾಗ ಅದೇ ಔಷಧಿ ಏನ್ ಮಾಡತ್ತೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ 'ಫೀಲ್ಡ್ ಟ್ರಯಲ್' ಅಥವಾ 'ಇನ್ ವಿವೋ' ಅನ್ನೋ ಟೇಬಲಲ್ಲಿ ಇರತ್ತೆ. ಅದು ಇದ್ಯಾ, ಎಷ್ಟು ವರ್ಷದ್ದು, ಎಷ್ಟು ಜಾಗದಲ್ಲಿ ಮಾಡಿದ್ದು, ಈ ಮೂರು ನೋಡ್ದೇ ಯಾವ ಔಷಧಿಗೂ ದುಡ್ಡು ಹಾಕಬೇಡಿ.

ಫೀಲ್ಡ್ ಟೇಬಲ್ ಸಿಕ್ತು ಅಂತ ಇಟ್ಕೊಳ್ಳಿ, ಅದ್ರ ಕೊನೇ ಸಾಲಲ್ಲಿ 'ಸಿಡಿ ಅಟ್ 5 ಪರ್ಸೆಂಟ್' ಅಂತ ಒಂದು ಸಂಖ್ಯೆ ಇರತ್ತೆ, ಸಿಡಿ ಅಂದ್ರೆ ಕ್ರಿಟಿಕಲ್ ಡಿಫರೆನ್ಸ್, ಎರಡರ ನಡುವೆ ಇಷ್ಟಾದ್ರೂ ವ್ಯತ್ಯಾಸ ಇದ್ರೇನೇ ಲೆಕ್ಕಕ್ಕೆ ಬರೋದು ಅನ್ನೋ ಮಿತಿ, ಇಡೀ ಪುಟದಲ್ಲಿ ಮುಖ್ಯವಾದ ಸಂಖ್ಯೆ ಅದೇ, ಆದ್ರೆ ಯಾರೂ ಅದನ್ನ ನೋಡಲ್ಲ. ಸುಮ್ನೆ ಲೆಕ್ಕಕ್ಕೆ, ಒಂದು ಗೊಬ್ಬರದಲ್ಲಿ ಭತ್ತ ಎಕರೆಗೆ 20 ಕ್ವಿಂಟಲ್, ಇನ್ನೊಂದ್ರಲ್ಲಿ 21, ಮೂರನೇದ್ರಲ್ಲಿ 24, ಸಿಡಿ 2 ಅಂತ ಇಟ್ಕೊಳ್ಳಿ. 20ಕ್ಕೂ 21ಕ್ಕೂ ಇರೋ ವ್ಯತ್ಯಾಸ 1, ಸಿಡಿಗಿಂತ ಕಮ್ಮಿ, ಅಂದ್ರೆ ಅವೆರಡೂ ಒಂದೇ ಅಂತ ತಿಳೀಬೇಕು, ಆ ಒಂದು ಕ್ವಿಂಟಲ್ ಮಣ್ಣಿನ ಏರುಪೇರಿಂದಲೋ ನೀರಿಂದಲೋ ಬಂದಿರಬಹುದು. 'ಆನ್ ಪಾರ್' ಅಂತ ಬರೆಯೋದು ಇದಕ್ಕೇ. 24 ಮಾತ್ರ ಎರಡಕ್ಕಿಂತಲೂ ನಿಜವಾಗಿ ಜಾಸ್ತಿ. ಸಿಡಿ ಜಾಗದಲ್ಲಿ 'ಎನ್‌ಎಸ್' ಅಂತ ಇದ್ರೆ ಆ ಸಾಲಿನಲ್ಲಿ ಯಾವುದಕ್ಕೂ ಯಾವುದಕ್ಕೂ ವ್ಯತ್ಯಾಸ ಇದೆ ಅಂತ ಹೇಳೋಕಾಗಲ್ಲ ಅಂತ ಅರ್ಥ. ಇದೊಂದು ಗೊತ್ತಿದ್ರೆ ನಮ್ಮ ಪ್ರಾಡಕ್ಟಲ್ಲಿ ಇಳುವರಿ ಜಾಸ್ತಿ ಅಂತ ಗ್ರಾಫ್ ಹಿಡ್ಕೊಂಡು ಮನೆ ಬಾಗಿಲಿಗೆ ಬರೋರಿಗೆ ನೀವೇ ಕೇಳಬಹುದು, ಸಿಡಿ ಎಷ್ಟಪ್ಪಾ ಅಂತ.

ಥೀಸಿಸಲ್ಲಿ ಬಂದಿದ್ದೇ ಶಿಫಾರಸು ಅಲ್ಲ, ಇದನ್ನ ಮರೀಬಾರದು. ಕೃಷಿ ವಿವಿಲಿ ಒಂದು ತಳಿನೋ ಔಷಧಿನೋ ಹಲವು ಕೇಂದ್ರಗಳಲ್ಲಿ, ಆಮೇಲೆ ರೈತರ ಜಮೀನಲ್ಲಿ ಪರೀಕ್ಷೆ ಆಗಿ ಗೆದ್ದ ಮೇಲೇನೇ 'ಪ್ಯಾಕೇಜ್ ಆಫ್ ಪ್ರಾಕ್ಟೀಸಸ್' ಪುಸ್ತಕಕ್ಕೆ ಸೇರೋದು. ಅದು ಕನ್ನಡದಲ್ಲೂ ಇರತ್ತೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹೊಡೆಯೋದು ಆ ಪುಸ್ತಕದ ಪ್ರಕಾರ ಹೊಡೀರಿ, ಯಾಕೆ ಹಾಗೆ ಅಂತ ತಿಳ್ಕೊಳ್ಳೋಕೆ ಥೀಸಿಸ್ ಓದಿ.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಿಸ್ಬೇಡಿ, ಬೇರೆ ವಿಭಾಗದ್ದು ಒಂದಾದ್ರೂ ಓದಿ. ನಾನು ಎಲ್ರಿಗೂ ಓದಿ ಅಂತ ಹೇಳೋದು ಆ ಗೊದಮೊಟ್ಟೆ ಪೇಪರ್‌ಗಳನ್ನ. ಶಂಕರಘಟ್ಟದ ಪರಿಸರ ವಿಜ್ಞಾನದೋರು ಗದ್ದೆ ಕಪ್ಪೆಯ ಗೊದಮೊಟ್ಟೆಗಳನ್ನ ಬೇರೆ ಬೇರೆ ಪ್ರಮಾಣದ ಮೆಲಾಥಿಯಾನ್ ನೀರಲ್ಲಿ ಇಟ್ಟು, ಎಷ್ಟು ಬದುಕತ್ತೆ, ಎಷ್ಟು ಬೆಳೆಯತ್ತೆ, ಎಷ್ಟು ತಿನ್ನತ್ತೆ ಅಂತ ನೋಡಿ 2007ರಲ್ಲಿ ಬರೆದ್ರು. 2008ರ ಇನ್ನೊಂದು ಪೇಪರಲ್ಲಿ ನೈಟ್ರೇಟು, ಅಂದ್ರೆ ನಾವು ಹಾಕೋ ಗೊಬ್ಬರದಿಂದ ನೀರಿಗೆ ಸೇರೋದು, ಗೊದಮೊಟ್ಟೆಗಳ ದೇಹದ ಆಕಾರಾನೇ ಹೇಗೆ ಕೆಡಿಸತ್ತೆ ಅಂತ ಇದೆ, ಅದ್ರಲ್ಲಿ ಗದ್ದೆ ಕಪ್ಪೆ ಜೊತೆಗೆ ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಾತ್ರ ಇರೋ ನಿಕ್ಟಿಬ್ಯಾಟ್ರಾಕಸ್ ಜಾತಿ ಕಪ್ಪೆನೂ ಇದೆ. ಭತ್ತದ ಔಷಧಿ ಬಗ್ಗೆ ಓದೋಕೆ ಹೋದೋರು ಕಪ್ಪೆ ಬಗ್ಗೆ ಓದ್ತಾರೆ, ಗದ್ದೆಲಿ ಹುಳ ತಿನ್ನೋದು ಅದೇ ಕಪ್ಪೆ ಅಂತ ನೆನಪಾಗತ್ತೆ. ಕೃಷಿ ವಿವಿ ಟೇಬಲಲ್ಲಿ ಹುಳ ಎಷ್ಟು ಸತ್ತಿತು ಅಂತ ಇರತ್ತೆ, ಇಲ್ಲಿ ಗೊದಮೊಟ್ಟೆಗೆ ಏನಾಯ್ತು ಅಂತ ಇರತ್ತೆ, ಎರಡನ್ನೂ ಜೊತೆಗಿಟ್ಟು ಓದೋ ಕೆಲಸ ಮಾತ್ರ ನಮ್ಮದೇ.

ಹಳೇ ಸಂಶೋಧನೆಗೂ ಬೆಲೆ ಇದೆ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಲಿದ್ದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ 1910ರಲ್ಲೇ ಬುಲೆಟಿನ್ ಬರೆದಿದಾರೆ. ಅಡಿಕೆ ಗೊನೆಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ತಿದ್ದ ಮಲೆನಾಡು ಬೋರ್ಡೋ ದ್ರಾವಣಕ್ಕೆ ಬಂದಿದ್ದು ಆ ಕಾಲದ ಕೆಲಸದಿಂದ, ಇವತ್ತಿಗೂ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನೋ ಲೆಕ್ಕನೇ ನಡೀತಿರೋದು. ಮಂಗನ ಕಾಯಿಲೆನೂ ಹಾಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದೋರು ಬಂದು ವೈರಸ್ ಪತ್ತೆ ಹಚ್ಚಿದ್ರು, ಹರಡೋದು ಉಣುಗಿನಿಂದ ಅಂತ ತೋರಿಸಿದ್ರು. ಯೂನಿವರ್ಸಿಟಿ ಹುಟ್ಟೋಕೆ ಮೂವತ್ತು ವರ್ಷ ಮುಂಚಿನ ಕೆಲಸ, ಆದ್ರೆ ಈ ರೋಗಗಳ ಬಗ್ಗೆ ಈಗಿನ ಪೇಪರ್ ತೆಗೆದ್ರೂ ರೆಫರೆನ್ಸ್ ಪಟ್ಟಿಲಿ ಎಷ್ಟೋ ಸಲ ಇವು ಇರತ್ತೆ. ಆ ಪಟ್ಟಿ ಹಿಡ್ಕೊಂಡು ಹಿಂದೆ ಹಿಂದೆ ಹೋಗೋದು ಕೂಡ ಹುಡುಕೋ ಒಂದು ದಾರಿ.

ಎಲ್ಲಾ ಪೇಪರೂ ಒಳ್ಳೇದಲ್ಲ, ಅದನ್ನೂ ಹೇಳ್ಬೇಕು. ದುಡ್ಡು ಕೊಟ್ರೆ ವಾರದಲ್ಲಿ ಛಾಪಿಸೋ ಜರ್ನಲ್‌ಗಳಿವೆ. ಮೆಥಡ್ ಭಾಗ ಅರ್ಧ ಪುಟಾನೂ ಇಲ್ಲ, ಎಷ್ಟು ಸ್ಯಾಂಪಲ್ ಅಂತ ಬರೆದಿಲ್ಲ, ಹೋಲಿಸೋಕೆ ಕಂಟ್ರೋಲ್ (ಔಷಧಿ ಹಾಕದೇ ಬಿಟ್ಟಿದ್ದು) ಇಲ್ಲ ಅಂದ್ರೆ ಪಕ್ಕಕ್ಕಿಡಿ. ಸೊಪ್ಪಿನ ರಸ ಕ್ಯಾನ್ಸರ್ ಕೋಶ ಕೊಲ್ತು ಅಂತ ಇದ್ರೆ ಅದೂ ಮೇಲೆ ಹೇಳಿದ ತಟ್ಟೆಯ ಲೆಕ್ಕಾನೇ, ಮನುಷ್ಯರ ಮೈಲಿ ಆದ ಪರೀಕ್ಷೆ ಅಲ್ಲ, ಅದನ್ನ ನಂಬಿ ಆಸ್ಪತ್ರೆ ಬಿಡಬೇಡಿ, ಬೇರೆಯೋರಿಗೂ ಫಾರ್ವರ್ಡ್ ಮಾಡ್ಬೇಡಿ.

ಇಂಗ್ಲಿಷ್ ಕಷ್ಟ ಅನ್ನೋರು ಗೂಗಲ್ ಟ್ರಾನ್ಸ್‌ಲೇಟಿಗೆ ಸಾರಾಂಶ ಮಾತ್ರ ಹಾಕಿ, ಟೇಬಲ್ ಹಾಕಿದ್ರೆ ಕಾಲಂಗಳು ಕಲಸಿ ಹೋಗತ್ತೆ. ಮೈಸೂರು ವಿವಿ ಕುಲಪತಿ ಆಗಿದ್ದಾಗ ಕನ್ನಡದಲ್ಲೇ ವಿಜ್ಞಾನ ಬರ್ಬೇಕು ಅಂತ ದುಡಿದ ಕುವೆಂಪು ಅವರ ಹೆಸರನ್ನ ಹೊತ್ತ ಯೂನಿವರ್ಸಿಟಿ ನಮ್ಮದು, ಇಲ್ಲಿನ ಪ್ರತಿ ಥೀಸಿಸ್ ಜೊತೆಗೂ ಎರಡು ಪುಟದ ಕನ್ನಡ ಸಾರಾಂಶ ಇರ್ಬೇಕು ಅನ್ನೋದು ನನ್ನ ಮನಸಿನ ಆಸೆ. ನೀವು ಮೇಷ್ಟ್ರಾಗಿದ್ರೆ ನಿಮ್ಮ ಮಕ್ಕಳ ಕೈಲಿ ಒಂದೊಂದು ಥೀಸಿಸಿಂದು ಬರೆಸಿ, ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ವಿಷಯ ಬೇಕಾ.

ಕೊನೇದಾಗಿ, ಮಾಡಿದೋರನ್ನೇ ಕೇಳೋದು. ಪೇಪರ್ ಮೊದಲ ಪುಟದಲ್ಲಿ 'ಕರೆಸ್ಪಾಂಡಿಂಗ್ ಆಥರ್' ಅಂತ ಒಬ್ಬರ ಇಮೇಲ್ ಇರತ್ತೆ, ಅದು ಇರೋದೇ ಜನ ಬರೀಲಿ ಅಂತ. ಫೋನ್ ಮಾಡೋಕಿಂತ ಮೇಲ್ ಒಳ್ಳೇದು, ಕನ್ನಡದಲ್ಲೇ ಬರೀರಿ. ಹೀಗೆ:

'ನಮಸ್ಕಾರ ಸರ್, ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಎಲೆಚುಕ್ಕೆ ರೋಗದ ಬಗ್ಗೆ ನಿಮ್ಮ ಸ್ಟೂಡೆಂಟ್ ಥೀಸಿಸನ್ನ ಶೋಧಗಂಗಾದಲ್ಲಿ ಓದಿದೆ. ನಾಲ್ಕನೇ ಅಧ್ಯಾಯದ ಟೇಬಲಲ್ಲಿ ಎರಡು ಸಲ ಸಿಂಪಡಣೆ ಅಂತ ಇದೆ. ನಮ್ಮಲ್ಲಿ ಮಳೆ ಬಿಡುವು ಕೊಡದ ವರ್ಷ ಎರಡನೇ ಸಿಂಪಡಣೆ ಯಾವಾಗ ಮಾಡ್ಬೇಕು ಅಂತ ತಿಳಿಸ್ತೀರಾ? ಎಲೆಯ ಎರಡೂ ಕಡೆ ಫೋಟೋ ಕಳಿಸಿದೀನಿ. ಈ ವಿಷಯದಲ್ಲಿ ಆಮೇಲೆ ಬಂದ ಪೇಪರ್ ಇದ್ರೆ ಪಿಡಿಎಫ್ ಕಳಿಸಿದ್ರೆ ಉಪಕಾರ ಆಗತ್ತೆ.'

ಇಷ್ಟೇ. ಒಂದೇ ಪ್ರಶ್ನೆ, ಯಾವ ಪುಟ ಅಂತ ಸರಿಯಾಗಿ, ಜೊತೆಗೆ ಫೋಟೋ. ಅಡಿಕೆ ಬಗ್ಗೆ ಎಲ್ಲಾ ಹೇಳಿ ಅಂತ ಬರೆದ್ರೆ ಉತ್ತರ ಬರಲ್ಲ. ಎರಡು ವಾರ ಕಾಯಿರಿ, ಪರೀಕ್ಷೆ ವ್ಯಾಲ್ಯುಯೇಷನ್ ಟೈಮಲ್ಲಿ ಇನ್ನೂ ತಡ ಆಗತ್ತೆ, ಆಮೇಲೆ ಒಂದ್ಸಲ ನೆನಪಿಸಿ. ಪಿಎಚ್‌ಡಿ ವೈವಾ (ಕೊನೇ ಮೌಖಿಕ ಪರೀಕ್ಷೆ) ಕೂಡ ಓಪನ್ ಆಗಿರತ್ತೆ, ನೋಟಿಸ್ ನೋಡ್ಕೊಂಡು ಶಂಕರಘಟ್ಟದ ಪಕ್ಕದ ಬಿ.ಆರ್.ಪಿ. ಕಡೆ ಬಸ್ ಹತ್ತಿ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೊಳ್ಳಬಹುದು, ನಾಲ್ಕು ವರ್ಷದ ಕೆಲಸನ ಆ ಹುಡುಗಿನೋ ಹುಡುಗನೋ ಮುಕ್ಕಾಲು ಗಂಟೇಲಿ ಸ್ಲೈಡ್ ಹಾಕಿ ಹೇಳ್ತಾರೆ. ಥೀಸಿಸ್ ಓದೋದಕ್ಕಿಂತ ಅದು ಸುಲಭ.

ಇಷ್ಟೆಲ್ಲ ಹುಡುಕಿದ್ರೂ ನಿಮ್ಮ ಪ್ರಶ್ನೆ ಮೇಲೆ ಯಾರೂ ಕೆಲಸ ಮಾಡಿಲ್ಲ ಅಂತ ಗೊತ್ತಾದ್ರೆ, ಅದನ್ನೇ ಒಂದು ಹಾಳೇಲಿ ಬರೆದು ಸಂಬಂಧಪಟ್ಟ ವಿಭಾಗಕ್ಕೆ ತಗೊಂಡು ಹೋಗಿ ಕೊಡಿ. ಎಂ.ಎಸ್ಸಿ ಮಕ್ಕಳು ಪ್ರಾಜೆಕ್ಟ್ ವಿಷಯಕ್ಕೆ, ಅದಕ್ಕಿಂತ ಹೆಚ್ಚಾಗಿ ಸ್ಯಾಂಪಲ್ ತಗೊಳ್ಳೋಕೆ ಬಿಡೋ ಜಾಗಕ್ಕೆ ಒದ್ದಾಡ್ತಿರ್ತಾರೆ. ಹಾಳೇಲಿ ಇಷ್ಟಿರ್ಲಿ: ಏನು ಕಾಣ್ತಿದೆ, ಯಾವ ವರ್ಷದಿಂದ, ತೋಟದಲ್ಲಿ ಯಾವ ಭಾಗದಲ್ಲಿ ಮೊದ್ಲು ಬಂತು, ಏನೇನ್ ಹಾಕಿದೀರಿ ಯಾವ ತಾರೀಕು, ನೀರು ಎಲ್ಲಿಂದ, ನಿಮ್ಮ ಫೋನ್ ನಂಬರ್, ಮತ್ತೆ ಮಕ್ಕಳು ಬಂದು ಮಣ್ಣು, ಎಲೆ, ನೀರು ತಗೊಂಡು ಹೋಗೋಕೆ ನಿಮ್ಮ ಒಪ್ಪಿಗೆ ಇದೆ ಅನ್ನೋ ಒಂದು ಸಾಲು. ಸಿಂಪಡಣೆ ತಾರೀಕುಗಳ ಡೈರಿ ಇದ್ರೆ ಅದ್ರ ಜೆರಾಕ್ಸನ್ನೂ ಜೊತೆಗೆ ಪಿನ್ ಮಾಡಿ ಕೊಡಿ.